ಖಾಲಿ ತಟ್ಟೆ ನೋಡಿ ಬರೆದ ಸಾಲು

ಆ ಗುರುವಾರ ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ನಾಲ್ಕನೇ ಮಂಚದ ರೋಗಿಗೆ ನಾನು ಹತ್ತು ಯೂನಿಟ್ ಇನ್ಸುಲಿನ್ ಚುಚ್ಚಿದೆ. ಇಷ್ಟು ಖಚಿತ. ಹೊತ್ತು, ಪ್ರಮಾಣ, ನನ್ನ ಸಹಿ ಮೂರೂ ಚಾರ್ಟಿನಲ್ಲಿವೆ. ಚುಚ್ಚುವ ಮೊದಲಿನ ಅರ್ಧ ನಿಮಿಷದಲ್ಲಿ ಏನಾಯಿತೆಂಬುದು ಮಾತ್ರ ಎಲ್ಲಿಯೂ ದಾಖಲಾಗಿಲ್ಲ. ನನಗೆ ಸಿಗಬೇಕಾಗಿದ್ದ ಸರ್ಕಾರಿ ಕೆಲಸ ಆ ಅರ್ಧ ನಿಮಿಷದ ಮೇಲೆ ಬಂದು ನಿಂತಿತು.

ಸೋಲಾಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ನನ್ನದು ಹತ್ತು ಮಂಚಗಳ ವಾರ್ಡು. ಐಸಿಯುನಿಂದ ಹೊರಬಂದವರನ್ನು ಮನೆಗೆ ಕಳಿಸುವ ಮೊದಲು ನಾಲ್ಕಾರು ದಿನ ಅಲ್ಲಿ ಇಡುತ್ತಿದ್ದರು. ಗಂಡಸರಿಗೆ, ಹೆಂಗಸರಿಗೆ ಬೇರೆ ವಾರ್ಡು ಇರಲಿಲ್ಲ. ನಡುವೆ ಹಸಿರು ಪರದೆ ಅಷ್ಟೆ. ಹಗಲು ಪಾಳಿಯಲ್ಲಿ ನೋಂದಾಯಿತ ನರ್ಸ್ ನಾನೊಬ್ಬನೇ. ಊಟದ ಗಾಡಿ, ಹಾಸಿಗೆ, ಬೆಡ್‌ಪ್ಯಾನ್ ನೋಡಿಕೊಳ್ಳಲು ಒಬ್ಬ ಮಾವಶಿ. ನಮ್ಮ ಕಡೆ ಆಸ್ಪತ್ರೆಯ ಆಯಾಗಳನ್ನು ಹಾಗೆಯೇ ಕರೆಯುತ್ತಾರೆ. ನಾನು ಎಲ್ಲರಿಗೂ ಬ್ರದರ್.

ನಾಲ್ಕನೇ ಮಂಚದಲ್ಲಿದ್ದ ತಾಯಿಗೆ ಅರವತ್ತು ದಾಟಿತ್ತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕೊಳೆತು, ಅದನ್ನು ತೆಗೆದಿದ್ದರು. ಮಗನಿಗೆ ಪೇಟೆಯಲ್ಲಿ ಚಾದರದ ಸಗಟು ಅಂಗಡಿ. ಹಗಲಲ್ಲಿ ಸೊಸೆ ಹತ್ತಿರ ಕೂತಿರುತ್ತಿದ್ದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ, ಮಾತು ಕಡಿಮೆ. ಅತ್ತೆ ಒಂದು ದಿನ ಉಂಡರೆ ಒಂದು ದಿನ ವಾಂತಿ ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಡಾಕ್ಟರು ಬೇಗ ಕೆಲಸ ಮಾಡುವ ಇನ್ಸುಲಿನ್ ಬರೆದು, ‘ಊಟ ಮಾಡಿದ್ದು ಖಾತ್ರಿಯಾದ ಮೇಲೆಯೇ’ ಎಂದು ಅಡಿಗೆರೆ ಹಾಕಿದ್ದರು.

ಖಾತ್ರಿ ಮಾಡಿಕೊಳ್ಳುವುದು ಹೇಗೆಂದು ಕಾಲೇಜಿನಲ್ಲಿ ಕಲಿಸಿದ್ದರು: ಹೆಸರು ಹಿಡಿದು ಮಾತಾಡಿಸಬೇಕು, ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಕೇಳಬೇಕು. ವಾರ್ಡಿನಲ್ಲಿ ಬೇರೊಂದು ರೂಢಿ ಬೆಳೆದಿತ್ತು. ಮಾವಶಿ ತಟ್ಟೆ ಎತ್ತಿಕೊಂಡು ಬರುವಾಗ ಗಾಡಿಯ ಮೇಲೆ ಕಣ್ಣಾಡಿಸುವುದು, ಖಾಲಿ ತಟ್ಟೆಗೆ ‘ಊಟ ಆಗಿದೆ’ ಎಂದು ಬರೆಯುವುದು. ಒಂದು ಗಂಟೆಯ ಒಳಗೆ ಮೂವರಿಗೆ ಇನ್ಸುಲಿನ್, ನಾಲ್ವರಿಗೆ ಆ್ಯಂಟಿಬಯಾಟಿಕ್, ಒಬ್ಬರಿಗೆ ಮೂಗಿನ ನಳಿಕೆಯಲ್ಲಿ ಗಂಜಿ. ತಟ್ಟೆ ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆವು.

“ಬ್ರದರ್, ನಾಲ್ಕನೇ ಕಾಟಿನ್ಯಾಕಿ ಇವತ್ತ ತಾಟ ನೆಕ್ಕಿ ಇಟ್ಟಾಳ ನೋಡ್ರಿ. ನನಗ ತಿಕ್ಕೂ ಕೆಲಸ ಇಲ್ಲ,” ಎಂದು ಮಾವಶಿ ನಕ್ಕಳು. ನಾನೂ ನಕ್ಕು ಬರೆದೆ. ಸೂಜಿ ಹಿಡಿದು ಪರದೆಯ ಒಳಗೆ ಹೋದೆ.

ಎರಡು ಗಂಟೆಗೆ ಪಾಳಿ ಬದಲು. ಅದಕ್ಕೆ ಐದು ನಿಮಿಷ ಇರುವಾಗ ಸೊಸೆ ಮೇಜಿನ ಹತ್ತಿರ ಬಂದಳು.

“ಅತ್ತಿ ಕೈ ತಣ್ಣಗ ಆಗ್ಯಾವ್ರಿ. ಬೆವರಿನ್ಯಾಗ ಕುಪ್ಪಸ ತೊಯ್ದದ. ಮಾತಾಡ್ಸಿದ್ರ ಯಾರ್ದೋ ಹೆಸರ ಹೇಳಾಕತ್ತಾರ.”

ಬೆರಳು ಚುಚ್ಚಿ ನೋಡಿದೆ: ಮೂವತ್ತೆಂಟು. ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಅಪಾಯ. ಬಾಯಿಗೆ ಸಕ್ಕರೆ ನೀರು ಹಾಕುವ ಹಾಗಿರಲಿಲ್ಲ, ನುಂಗುವ ಎಚ್ಚರ ಅವರಿಗಿರಲಿಲ್ಲ. ಸಲೈನಿಗೆಂದು ಮುಂಗೈಗೆ ಮೊದಲೇ ಹಾಕಿದ್ದ ಸೂಜಿಯಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಬಿಟ್ಟರೆ ಆ ಜಾಗ ಉಬ್ಬಿತು. ಸೂಜಿ ರಕ್ತನಾಳದಿಂದ ಯಾವಾಗಲೋ ಸರಿದಿತ್ತು. ಕಿತ್ತು ಹಾಕಿದೆ. ಇನ್ನೊಂದು ಕೈಯಲ್ಲಿ ಹುಡುಕಿದೆ, ತಪ್ಪಿತು. ಬೆವರಿಗೆ ಅಂಟುಪಟ್ಟಿ ನಿಲ್ಲುತ್ತಿರಲಿಲ್ಲ. ಸೊಸೆ ಹೇಳಿಸಿಕೊಳ್ಳದೆಯೇ ಮೊಣಕೈಯ ಹತ್ತಿರ ತನ್ನ ಸೆರಗಿನಿಂದ ಒರೆಸಿ, ತೋಳನ್ನು ಗಟ್ಟಿಯಾಗಿ ಹಿಡಿದಳು. ಮೂರನೆಯ ಸಲ ರಕ್ತ ಹಿಂದಕ್ಕೆ ಬಂತು. ಇಪ್ಪತ್ತೈದು ಪರ್ಸೆಂಟಿನ ನೂರು ಎಂಎಲ್ ಬಿಟ್ಟೆ. ಕಾಲು ಗಂಟೆಗೆ ಸಕ್ಕರೆ ನೂರಮೂವತ್ತಕ್ಕೆ ಏರಿತು. ಕಣ್ಣು ಬಿಟ್ಟವರ ಮೊದಲ ಮಾತು:

“ನನಗ ಏನರೆ ಕುಡಿಸೀರೇನ? ಇವತ್ತ ಗುರುವಾರ ಅದ.”

ಆಗ ಗೊತ್ತಾಯಿತು. ಅಕ್ಕಲಕೋಟದ ಸ್ವಾಮಿಗೆ ನಡೆದುಕೊಳ್ಳುವ ಮನೆ; ಗುರುವಾರ ಸಂಜೆಯ ಆರತಿಯವರೆಗೆ ಉಪವಾಸ. ಹಿಂದಿನ ಗುರುವಾರ ಅವರು ಇನ್ನೂ ದಾಖಲಾಗಿರಲಿಲ್ಲ. ನಾನು ಹುಟ್ಟಿದ್ದೇ ಆ ತಾಲೂಕಿನಲ್ಲಿ, ನಮ್ಮವ್ವನೂ ಗುರುವಾರ ಉಣ್ಣುವುದಿಲ್ಲ. ಆದರೂ ಹೊಳೆದಿರಲಿಲ್ಲ. ತಟ್ಟೆಯನ್ನು ಖಾಲಿ ಮಾಡಿದ್ದು ಯಾರೆಂದು ಅಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಅಂಗಡಿಯಿಂದ ಓಡಿಬಂದ ಮಗ ನನ್ನ ಎದುರಿಗೇ ನಿಂತ. “ನಮ್ಮವ್ವ ಉಪಾಸ ಇದ್ದಾಕಿಗೆ ಸೂಜಿ ಮಾಡೀರಿ. ಕೇಳೂ ಪದ್ಧತಿ ಇಲ್ಲೇನ್ರಿ ನಿಮ್ಮಲ್ಲೆ?”

“ಕೇಳೀನ್ರಿ,” ಅಂದೆ. ಯೋಚಿಸುವ ಮೊದಲೇ ಮಾತು ಹೊರಬಂತು. “ಕಾಕೂ, ಊಟ ಆತೇನ್ರಿ ಅಂತ ಕೇಳ್ದೆ. ತಲಿ ಅಲ್ಲಾಡ್ಸಿದ್ರು.”

ಹೇಳುತ್ತಿರುವಾಗಲೇ ಅದು ಕಣ್ಣಿಗೆ ಕಂಡಿತು. ನಡುಬೈತಲೆಯ ಬಿಳಿ ಕೂದಲು, ಮೂಗುತಿ, ದಿಂಬಿನ ಮೇಲೆ ಅಲ್ಲಾಡಿದ ತಲೆ. ಸೊಸೆ ನೆಲ ನೋಡುತ್ತ ನಿಂತಿದ್ದಳು.

ಮರುದಿನ ಮ್ಯಾಟ್ರನ್ ನನ್ನನ್ನು ಕೋಣೆಗೆ ಕರೆಸಿದರು. ಅವರ ಬೆನ್ನ ಹಿಂದಿನ ಉಕ್ಕಿನ ಕಪಾಟಿನಲ್ಲಿ ನನ್ನ ಮೂಲ ಪ್ರಮಾಣಪತ್ರಗಳಿದ್ದವು: ಬಿ.ಎಸ್ಸಿ. ನರ್ಸಿಂಗ್ ಪದವಿ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಹತ್ತನೆಯ ತರಗತಿಯಿಂದ ಹಿಡಿದು ಎಲ್ಲ ಅಂಕಪಟ್ಟಿ. ಕೆಲಸಕ್ಕೆ ಸೇರುವ ದಿನ ‘ಪರಿಶೀಲನೆಗೆ’ ಎಂದು ತೆಗೆದುಕೊಂಡಿದ್ದರು. ಎರಡು ವರ್ಷದ ಬಾಂಡ್ ಮುಗಿಯುವವರೆಗೆ ಅವು ಹೊರಗೆ ಬರುವುದಿಲ್ಲವೆಂದು ಆಮೇಲೆ ತಿಳಿಯಿತು. ಹೀಗೆ ಇಟ್ಟುಕೊಳ್ಳುವುದು ಸರಿಯಲ್ಲವೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಬಾಂಡಿನಲ್ಲಿ ಇನ್ನೂ ಹನ್ನೊಂದು ತಿಂಗಳು ಉಳಿದಿತ್ತು. ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಗೆ ನನ್ನ ಕಾಗದಪತ್ರಗಳ ತಪಾಸಣೆ ಇತ್ತು. ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು. ಮೂಲಪ್ರತಿ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಕಾಯುವ ಪಟ್ಟಿಯ ಮುಂದಿನವನಿಗೆ. ಒಂದು ದಿನದ ಮಟ್ಟಿಗೆ ಕೊಡುವುದಾಗಿ ಮ್ಯಾಟ್ರನ್ ಹಿಂದಿನ ವಾರ ಒಪ್ಪಿದ್ದರು.

ಮರಾಠಿಯಲ್ಲಿ ಟೈಪ್ ಮಾಡಿದ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. ಮೂರು ಸಾಲು. ರೋಗಿಯನ್ನು ಊಟದ ಬಗ್ಗೆ ಕೇಳಲಾಯಿತು. ರೋಗಿಯೂ ಜೊತೆಗಿದ್ದ ಸೊಸೆಯೂ ಊಟ ಆಗಿದೆಯೆಂದು ತಿಳಿಸಿದರು. ಉಪವಾಸದ ವಿಷಯ ಮುಚ್ಚಿಟ್ಟರು.

“ಸೊಸಿ ಏನೂ ಅಂದಿಲ್ರಿ ಮ್ಯಾಡಮ್.”

“ಅತ್ತಿ ಅಂದಾಳಲ್ಲ?”

“ಅಂದಂಗ ನೆನಪದ.”

“ನೆನಪದ ಅಂದ್ರ ಮುಗೀತು. ಇಬ್ಬರ ಹೆಸರಿದ್ರ ಗಟ್ಟಿ ಆಗ್ತದ. ನಾಳೆ ಸಂಜೀತನಕ ಸಹಿ ಮಾಡಿ ಕೊಡು. ಸೋಮವಾರ ಎಂಟಕ್ಕ ಬಂದು ನಿನ್ನ ಕಾಗದ ಒಯ್ಯಿ.”

“ಸಹಿ ಮಾಡಲಿಲ್ಲಂದ್ರ?”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತೆರಡು ವರ್ಷ ಅದೇ ಆಸ್ಪತ್ರೆಯಲ್ಲಿ ಸವೆದ ಹೆಂಗಸು, ಕೆಟ್ಟವರಲ್ಲ. “ಅವರು ಕೋರ್ಟಿಗೆ ಹೋಗ್ತಾರ, ಇಲ್ಲಾ ಕೌನ್ಸಿಲ್‌ಗೆ ಬರೀತಾರ. ಆವಾಗ ಆಸ್ಪತ್ರಿ ಯಾರ ಹೆಸರ ಮುಂದ ಮಾಡ್ತದ, ನೀನಽ ಹೇಳು. ನೀ ಶಾಣ್ಯಾ ಇದ್ದಿ, ಯುನಿವರ್ಸಿಟಿ ಕಲತಾಂವ. ಹರಿಶ್ಚಂದ್ರ ಆಗಬ್ಯಾಡ. ಸ್ಮಶಾನ ಕಾಯಾಕ ಹೋಗಿದ್ದ ಅಂವಾ.”

ಆ ಮಧ್ಯಾಹ್ನ ನಾಲ್ಕನೇ ಮಂಚದ ಹತ್ತಿರ ಹೋದೆ. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ಅತ್ತೆ ಹುಷಾರಾಗಿದ್ದರು, ಬೆಳಗಿನ ಉಪ್ಪಿಟ್ಟಿಗೆ ಉಪ್ಪಿಲ್ಲವೆಂದು ಮಾವಶಿಯನ್ನು ಬೈದು ಮುಗಿಸಿದ್ದರು.

“ಕಾಕೂ, ನಿನ್ನೆ ನಾ ಸೂಜಿ ಮಾಡೂ ಮೊದಲು ಊಟ ಆತೇನ ಅಂತ ಕೇಳಿದ್ದು ನಿಮಗ ನೆನಪದೇನ್ರಿ?”

“ಇಲ್ಲೋ ತಮ್ಮಾ. ನಿನ್ನೆ ಮಧ್ಯಾಹ್ನಂದು ಎಲ್ಲಾ ಕಲಸಿದಂಗ ಆಗ್ಯದ. ಕೇಳೀನಿ ಅಂತೀ ಅಂದ್ರ ಕೇಳೇ ಇರ್ತಿ. ನಿನಗ ಅದರಿಂದ ಛಲೋ ಆಗೂದಿದ್ರ ಬರಕೋ. ಯಾರರೆ ಕೇಳಿದ್ರ ನಾ ಹೂಂ ಅಂತೀನಿ.”

ಇದಕ್ಕಿಂತ ಸುಲಭದ ದಾರಿ ಬೇಕಿರಲಿಲ್ಲ. ಆದರೆ ಅವರಿಗೆ ನೆನಪಿಲ್ಲದ್ದಕ್ಕೆ ನಾನು ಸಾಕ್ಷಿ, ನನಗೆ ಅನುಮಾನವಿದ್ದದ್ದಕ್ಕೆ ಅವರು ಸಾಕ್ಷಿ. ಅಲ್ಲಿಂದ ಬರುವಾಗ ಮೊದಲಿಗಿಂತ ಹೆಚ್ಚು ಕಟ್ಟಿಹಾಕಿಸಿಕೊಂಡಂತೆ ಅನ್ನಿಸಿತು.

ಶನಿವಾರ ನನ್ನ ವಾರದ ರಜೆ. ಕುರನೂರಿಗೆ, ಮನೆಗೆ ಹೋದೆ. ಅಣ್ಣ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ನಡೆದದ್ದೆಲ್ಲ ಹೇಳಿ ಹಾಳೆ ತೋರಿಸಿದೆ. ಓದಿ ವಾಪಸು ಕೊಟ್ಟ.

“ಇದರಾಗ ಏನ ತಪ್ಪದ? ಮುದಕಿನೇ ಹೂಂ ಅಂತೀನಿ ಅಂದಾಳ.”

“ಕೇಳಿದ್ನೋ ಇಲ್ಲೋ ನನಗ ಖಾತ್ರಿ ಇಲ್ಲೋ ಅಣ್ಣಾ.”

“ನಾಲ್ಕ ವರ್ಷ ಕಲತಿ, ಈಗ ಹದಿನೆಂಟ ಸಾವಿರ ಪಗಾರ. ಎಂಐಡಿಸಿ ಒಳಗ ಮಗ್ಗ ನಡಸಾವಗೂ ಅಷ್ಟ ಬರ್ತದ, ಅವಗ ಯಾರೂ ಹೇಳಿಕಿ ಬರಸೂದಿಲ್ಲ. ಸರಕಾರಿ ನೌಕರಿ ಅಂದ್ರ ಇದರ ಎರಡೂವರಿ ಪಟ್ಟು. ಒಂದ ಸಹಿಗೆ ಅಷ್ಟ ವಿಚಾರ ಮಾಡ್ತೀ? ನಿನ್ನಿ ಏನ ಉಂಡಿದ್ದಿ ಅದು ನೆನಪದೇನ ನಿನಗ?”

“ಇಲ್ಲ,” ಅಂದೆ. ಅವ್ವ ಒಳಗಿಂದ ನಕ್ಕಳು. ನನಗೆ ನಗು ಬರಲಿಲ್ಲ. ಅಣ್ಣ ತಮಾಷೆಗೆ ಅಂದದ್ದು ಸರಿಯಾದ ಜಾಗಕ್ಕೇ ತಾಗಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೊರಟೆ. ಕಿಟಕಿ ಪಕ್ಕ ಕೂತು, ನನ್ನ ನೆನಪನ್ನು ಒಂದು ಯಂತ್ರವೆಂದು ತಿಳಿದು ಪರೀಕ್ಷೆ ಮಾಡಬೇಕೆನಿಸಿತು. ಸಕ್ಕರೆ ನೋಡುವ ಮೀಟರನ್ನು ನಾವು ಹಾಗೆಯೇ ಪರೀಕ್ಷಿಸುತ್ತೇವೆ: ಉತ್ತರ ಮೊದಲೇ ಗೊತ್ತಿರುವ ದ್ರಾವಣದ ಒಂದು ಹನಿ ಹಾಕಿ, ಸರಿಯಾದ ಅಂಕಿ ತೋರಿಸುತ್ತದೆಯೇ ಎಂದು ನೋಡುವುದು. ಬುಧವಾರದ ನಾಲ್ಕನೇ ಮಂಚ ನೆನೆಸಿಕೊಂಡೆ. ಕೇಳಿದ್ದೆ, ತಲೆ ಆಡಿಸಿದ್ದರು. ಮಂಗಳವಾರವೂ ಹಾಗೆಯೇ. ಒಂಬತ್ತನೇ ಮಂಚದವರು, ಅವರೂ ತಲೆ ಆಡಿಸಿದ್ದರು. ಆಮೇಲೆ ಆರನೇ ಮಂಚ. ‘ಕಾಕಾ, ಊಟ ಆತೇನ್ರಿ?’ ಎಂದು ನಾನು ಕೇಳುತ್ತಿದ್ದೇನೆ, ಕಾಕಾ ತಲೆ ಆಡಿಸುತ್ತಿದ್ದಾರೆ. ಕಾಕೂ ಅವರ ಮೂಗುತಿಯಷ್ಟೇ ಸ್ಪಷ್ಟವಾಗಿ ಇವರ ಬಿಳಿ ಮೀಸೆ ಕಾಣುತ್ತಿದೆ.

ಆರನೇ ಮಂಚದ ಕಾಕಾ ಪಾರ್ಶ್ವವಾಯು ಬಡಿದು ಬಂದವರು. ದಾಖಲಾದಾಗಿನಿಂದ ಮೂಗಿನ ನಳಿಕೆಯಲ್ಲೇ ಗಂಜಿ. ಅದನ್ನು ಹಾಕುವವನು ನಾನೇ. ಅವರು ಒಂದು ದಿನವೂ ತಲೆ ಆಡಿಸಿಲ್ಲ, ಆಡಿಸಲು ಬರುವುದಿಲ್ಲ.

ಬಸ್ಸು ಎಂಐಡಿಸಿ ಕೈಗಾರಿಕಾ ಪ್ರದೇಶ ದಾಟುತ್ತಿತ್ತು. ಮಗ್ಗದ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾನು ಮತ್ತೆ ಮತ್ತೆ ಆರನೇ ಮಂಚಕ್ಕೆ ಹೋದೆ, ಮತ್ತೆ ಮತ್ತೆ ಕಾಕಾ ಹೂಂ ಎಂಬಂತೆ ತಲೆ ಆಡಿಸಿದರು. ಎಂದೂ ನಡೆಯದ್ದನ್ನು ಮೀಟರು ಹೀಗೆ ಸ್ಪಷ್ಟವಾಗಿ ತೋರಿಸಿದರೆ ಅದರಲ್ಲಿ ಬಂದ ಉಳಿದ ಅಂಕಿಗಳನ್ನು ಯಾವ ನರ್ಸೂ ಚಾರ್ಟಿಗೆ ಏರಿಸುವುದಿಲ್ಲ. ಹಾಗಂತ ನಾನು ಕೇಳಲಿಲ್ಲ ಎಂದೂ ಅದರಿಂದ ಸಿದ್ಧವಾಗುವುದಿಲ್ಲ. ಗೊತ್ತಿಲ್ಲ ಎಂದಷ್ಟೇ ಆಗುತ್ತದೆ.

ಬಸ್ ಸ್ಟ್ಯಾಂಡಿನಿಂದ ಸೀದಾ ಆಸ್ಪತ್ರೆಗೆ ಹೋಗಿ, ಬೇರೆ ಹಾಳೆ ಕೇಳಿ ತೆಗೆದುಕೊಂಡು, ಮರಾಠಿಯಲ್ಲಿ ಬರೆದೆ. ಖಾಲಿ ತಟ್ಟೆ ನೋಡಿ ‘ಊಟ ಆಗಿದೆ’ ಎಂದು ದಾಖಲಿಸಿದೆ. ಹನ್ನೆರಡು ಐವತ್ತಕ್ಕೆ ಹತ್ತು ಯೂನಿಟ್ ಕೊಟ್ಟೆ. ಕೊಡುವ ಮೊದಲು ರೋಗಿಯನ್ನು ಕೇಳಿದೆನೋ ಇಲ್ಲವೋ ನನಗೆ ಖಚಿತವಿಲ್ಲ. ಸೊಸೆಯನ್ನು ನಾನು ಏನೂ ಕೇಳಿಲ್ಲ. ತಟ್ಟೆ ನೋಡಿ ಬರೆಯುವ ರೂಢಿ ವಾರ್ಡಿನಲ್ಲಿದೆ, ಅದನ್ನು ನಿಲ್ಲಿಸಬೇಕು.

ಮ್ಯಾಟ್ರನ್ ಎರಡು ಸಲ ಓದಿದರು.

“ಖಚಿತ ಇಲ್ಲ ಅಂತ ಯಾರ ಬರೀತಾರೋ? ಹೌದು ಅನ್ನು, ಇಲ್ಲಾ ಅಲ್ಲ ಅನ್ನು.”

“ಎರಡೂ ಸುಳ್ಳ ಆಗಬಹುದ್ರಿ.”

“ಇದನ್ನ ಮ್ಯಾಲ ಕಳಿಸಿದ್ರ ನಿನ್ನ ಕಾಗದ ನನ್ನ ಕೈಯಾಗ ಉಳಿಯೂದಿಲ್ಲ. ಚೌಕಶಿ ಮುಗಿಯೂತನಕ ಕಪಾಟ ತಗ್ಯಾಕ ಬರೂದಿಲ್ಲ. ತಿಳೀತಿಲ್ಲೋ?”

“ತಿಳೀತ್ರಿ.”

ಹಾಳೆಯನ್ನು ಹರಿಯುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ಸ್ವೀಕರಿಸಿದ ಹೊತ್ತು ಹಾಕಿ ಸಹಿ ಮಾಡಿ, ಅದರದೊಂದು ಝೆರಾಕ್ಸ್ ನನ್ನ ಕೈಗಿಟ್ಟರು. “ಇಟಗೋ. ಮುಂದ ಬೇಕಾದೀತು,” ಎಂದರು. ನನ್ನ ಮುಖ ನೋಡಲಿಲ್ಲ.

ಸೋಮವಾರ ನಕಲುಗಳನ್ನು ಹಿಡಿದುಕೊಂಡು ತಪಾಸಣೆಗೆ ಹೋದೆ. ಗುಮಾಸ್ತ ಒಳ್ಳೆಯವನು. ಮೂಲಪ್ರತಿ ಎಲ್ಲಿ ಎಂದು ಕೇಳಿದ, ಹೇಳಿದೆ. ನಿಯಮ ತೋರಿಸಿದ, ಮಧ್ಯಾಹ್ನದವರೆಗೆ ಕಾಯುವುದಾಗಿ ಹೇಳಿದ. ಹೊರಗಿನ ಬೆಂಚಿನ ಮೇಲೆ ಕೂತು ಮ್ಯಾಟ್ರನ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಒಂದು ಗಂಟೆಗೆ ನನ್ನ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದರು. ನಾನು ಅಲ್ಲಿಯೇ ಇದ್ದೆ.

ಎರಡರ ಪಾಳಿಗೆ ಹೋದಾಗ ನನ್ನನ್ನು ವಾರ್ಡಿನಿಂದ ತೆಗೆದಿದ್ದರು. ಚೌಕಶಿ, ಅಂದರೆ ವಿಚಾರಣೆ, ಮುಗಿಯುವವರೆಗೆ ಡಿಸ್ಚಾರ್ಜ್ ಕೋಣೆ. ಮನೆಗೆ ಹೋಗುವವರಿಗೆ ಗುಳಿಗೆ ಯಾವಾಗ, ಡ್ರೆಸ್ಸಿಂಗ್ ಯಾವಾಗ, ಇನ್ಸುಲಿನ್ ಹೇಗೆ ಎಂದು ತಿಳಿಸಿ ಕಳಿಸುವ ಕೆಲಸ. ಬುಧವಾರ ನಾಲ್ಕನೇ ಮಂಚದವರಿಗೆ ಬಿಡುಗಡೆ. ಅತ್ತೆ ಗಾಲಿಕುರ್ಚಿಯಲ್ಲಿ ತೂಕಡಿಸುತ್ತಿದ್ದರು, ಮಗ ಕೆಳಗೆ ಬಿಲ್ಲಿನ ಸಾಲಿನಲ್ಲಿದ್ದ. ಕಲಿಯಬೇಕಾದವಳು ಸೊಸೆ.

ಇನ್ಸುಲಿನ್ ಪೆನ್ನು ಕೊಟ್ಟು ತೋರಿಸಿದೆ. ಸೂಜಿ ಕೂರಿಸುವುದು, ಎರಡು ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಬಂತೇ ಎಂದು ನೋಡುವುದು, ಪ್ರಮಾಣ ತಿರುಗಿಸುವುದು, ಒತ್ತಿದ ಮೇಲೆ ಹತ್ತು ಎಣಿಸಿ ತೆಗೆಯುವುದು. ಒಮ್ಮೆ ತೋರಿಸಿದ್ದಕ್ಕೆ ತಪ್ಪಿಲ್ಲದೆ ಮಾಡಿದಳು.

“ಉಂಡದ್ದು ನೋಡಿ ಮಾಡಬೇಕು, ಹೌದಲ್ರಿ?” ಎಂದಳು.

“ಹೌದು.”

ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. “ಅವತ್ತ ತಾಟ ನಾ ತಿಂದಿದ್ದೆ. ಗುರುವಾರ ನನಗೂ ಉಪಾಸ್ರಿ ನಮ್ಮ ಮನ್ಯಾಗ. ಭಾಳ ಹಸದಿತ್ತು. ಅತ್ತಿನೇ ಅಂದ್ರು, ನೀ ತಿಂದಬಿಡು, ತಾಟ ಹಂಗಽ ಹೋದ್ರ ಡಾಕ್ಟರ್ ಬೈತಾನ, ನಿನ್ನ ಗಂಡಗ ನಾ ಹೇಳಂಗಿಲ್ಲ ಅಂತ. ನೀವು ನನ್ನ ಹೆಸರ ಬರೀತೀರಿ ಅಂತ ನಾಲ್ಕ ದಿನ ಅಂಜಿದ್ದೆ. ಬರದಿಲ್ಲ ಅಂತ ನಮ್ಮ ಮನಿಯವರು ಮ್ಯಾಟ್ರನ್ ಕಡಿಂದ ತಿಳದು ಬಂದು ಅಂದ್ರು.”

ನನಗೆ ಬೇಕಾಗಿದ್ದದ್ದು ಬೇರೆ. “ನಾ ಸೂಜಿ ತಗೊಂಡು ಬಂದಾಗ ಅತ್ತಿಗೆ ಏನರೆ ಕೇಳಿದ್ನೇನ್ರಿ?”

“ಏನೂ ಕೇಳಲಿಲ್ರಿ. ಅವರು ಮಕ್ಕೊಂಡಿದ್ರು. ನೀವು ರಟ್ಟಿ ಹಿಡದು ಸೂಜಿ ಮಾಡಿದ್ರಿ. ನಾ ಹೇಳಬೇಕಂತ ಬಾಯಿ ತಗದೆ, ಅಷ್ಟ್ರಾಗ ಮುಂದಿನ ಕಾಟಿಗೆ ಹೋಗಿದ್ರಿ.”

ಆ ಸಂಜೆ ನನ್ನ ಹೇಳಿಕೆಗೆ ‘ಕೇಳಲಿಲ್ಲ’ ಎಂಬ ಸಾಲು ಸೇರಿಸಿದೆ. ಯಾರು ಹೇಳಿದರೆಂದು ಬರೆಯಲಿಲ್ಲ. ಅದರಿಂದ ನನ್ನ ತಲೆಯೊಳಗಿನದು ಅಳಿಸಿಹೋಗಲಿಲ್ಲ. ಇವತ್ತಿಗೂ ಆ ಪರದೆಯ ಒಳಗೆ ಹೋದರೆ ಕಾಕೂ ಎಚ್ಚರವಾಗಿದ್ದಾರೆ, ನಾನು ಕೇಳುತ್ತೇನೆ, ಅವರು ತಲೆ ಆಡಿಸುತ್ತಾರೆ.

ಅಷ್ಟು ಹೇಳಿ ಸೊಸೆ ಪೆನ್ನನ್ನು ಡಬ್ಬಿಗೆ ಹಾಕಿದಳು. “ಬ್ರದರ್, ಒಂದ ಕೇಳ್ಲೇನ್ರಿ? ನಿಮಗ ಪಗಾರ ಎಷ್ಟ ಬರ್ತದ?”

ಇದ್ದದ್ದನ್ನು ಹೇಳಿದೆ. ಸೇರಿದಾಗ ಹದಿನಾಲ್ಕು ಸಾವಿರ, ಈಗ ಹದಿನೆಂಟು; ಸರ್ಕಾರಿ ಆದರೆ ಅದರ ಎರಡೂವರೆ ಪಟ್ಟು, ಅದು ಸಿಗುವವರು ಕಡಿಮೆ. ಬಾಂಡಿನ ವಿಷಯ, ಕಪಾಟಿನ ವಿಷಯ, ಹತ್ತು ಮಂಚಕ್ಕೆ ಒಬ್ಬರು ಎಂಬುದು, ಎಲ್ಲವನ್ನೂ ಹೇಳಿದೆ.

“ನಮ್ಮ ಅಂಗಡ್ಯಾಗ ಗಂಟ ಕಟ್ಟಾವ್ರಿಗೆ ಅಷ್ಟ ಕೊಡ್ತಾರ್ರಿ,” ಎಂದಳು. ಹೀಯಾಳಿಕೆ ಇರಲಿಲ್ಲ, ಲೆಕ್ಕ ಹಾಕುತ್ತಿದ್ದಳು ಅಷ್ಟೆ. “ನಂದು ಹನ್ನೆರಡನೇತ್ತ ಸೈನ್ಸ್ ಆಗ್ಯದ. ನನಗ ಈ ಕೆಲಸ ಆದೀತೇನ್ರಿ?”

ಯಾರು ಕೇಳಿದರೂ ಬೇಡ ಎನ್ನುವುದು ನನ್ನ ರೂಢಿ. ಅವತ್ತು ಬಾಯಿಗೆ ಬರಲಿಲ್ಲ.

“ಆ ಮಧ್ಯಾಹ್ನ ಬೆವರ ನೋಡಿದಾಕಿ ನೀವು,” ಅಂದೆ. “ನಾ ಪಾಳಿ ಬಿಟ್ಟುಕೊಡಾಕ ಚಾರ್ಟ ಬರಿಯಾಕತ್ತಿದ್ದೆ.”

ಮೆಟ್ಟಿಲ ಮೇಲೆ ಗಂಡನ ಚಪ್ಪಲಿ ಸದ್ದಾಯಿತು. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ವಯಸ್ಸಿಂದ ಏನರೆ ಮಿತಿ ಅದೇನ್ರಿ ಇದಕ್ಕ?”

“ಜಿಎನ್‌ಎಂ ನರ್ಸಿಂಗ್ ಕೋರ್ಸಿಗೆ ಮೂವತ್ತೈದರ ತನಕ ತಗೋತಾರ.”

“ಹಂಗಾದ್ರ ಇನ್ನಾ ಭಾಳ ವರ್ಷ ಅದಾವ,” ಎಂದು ಗಾಲಿಕುರ್ಚಿಯ ಬ್ರೇಕು ಬಿಡಿಸಿ, ಅತ್ತೆಯ ಕಾಲು ನೆಲಕ್ಕೆ ತಾಗದಂತೆ ಎತ್ತಿಟ್ಟು, ಬಾಗಿಲ ಕಡೆಗೆ ತಳ್ಳಿದಳು.